ಗಾಳಿಬಾವಿಯ ವಾಸನೆ

ಪೊರಕೆಯ ಹಿಡಿ ಮತ್ತೊಮ್ಮೆ ಕಿಟಕಿಯ ಚೌಕಟ್ಟಿಗೆ ಬಡಿದಾಗ ನಿಬಿಯಾ ಹೊಲಿಗೆ ಯಂತ್ರದಿಂದ ಕಾಲು ತೆಗೆದಳು. ಅರ್ಧ ಹೊಲಿದ ಪ್ಯಾಂಟನ್ನು ಅಲ್ಲೇ ಬಿಟ್ಟು ಅಡುಗೆಮನೆಗೆ ಬಂದು ಕತ್ತು ಹೊರಚಾಚಿದಳು. ಮೇಲಿನ ಮನೆಯ ಸುಲ್ಮಾ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಕೆಳಕ್ಕೆ ಬಗ್ಗಿ ನಿಂತಿದ್ದಳು.

"ಕಿವಿ ಕೇಳಿಸುತ್ತೋ ಇಲ್ವೋ ನಿಂಗೆ?"

"ಇಡೀ ಪಲೆರ್ಮೊ ಬಡಾವಣೆಗೇ ಕೇಳಿಸ್ತಿದೆ, ಹೇಳೇ."

"ನಾನೇನು ಹೇಳೋದು? ನೀನೇ ಮೂಸಿ ನೋಡು!" ಸುಲ್ಮಾ ಬಟ್ಟೆಯನ್ನು ಕೆಳಕ್ಕೆ ಇಳಿಬಿಟ್ಟಳು. ಅದು ಅವಳ ಮೊಮ್ಮಗಳು ಶಾಲೆಗೆ ಹಾಕಿಕೊಂಡು ಹೋಗುವ ಬಿಳಿ ನಿಲುವಂಗಿ. "ನಿನ್ನೆ ಟೀಚರು ಮಗೂನ ಪಕ್ಕಕ್ಕೆ ಕರೆದು, ಮನೇಲಿ ಗಾಂಜಾ ಸೇದೋರು ಯಾರಮ್ಮ ಅಂತ ಕೇಳಿದಾಳೆ. ಮಗು ಪಾಪ, ನಮ್ಮಜ್ಜಿ ಅಂತ ಹೇಳಿ ಬಂದಿದೆ! ಅಜ್ಜಿ ಬಟ್ಟೇನ ಆ ವಾಸನೇಲೇ ಒಣಗಿಸ್ತಾಳೆ ಅಂತ ಹೇಳೋಕೆ ಹೋಗಿ, ಅಜ್ಜಿ ಅನ್ನೋದಷ್ಟೇ ಅದರ ಬಾಯಿಗೆ ಬಂದಿದೆ. ಈಗ ನಾನು ಯಾವ ಮುಖ ಇಟ್ಕೊಂಡು ಶಾಲೆ ಬಾಗಿಲಿಗೆ ಹೋಗ್ಲಿ?"

ಬೇರೆ ದಿನವಾಗಿದ್ದರೆ ನಿಬಿಯಾ ನಗುತ್ತಿದ್ದಳೇನೋ. ಈಗ ಅವಳಲ್ಲಿ ನಗು ಉಳಿದಿರಲಿಲ್ಲ. ಆ ಹಳೆಯ ಕಟ್ಟಡದ ಹೊಟ್ಟೆಯಲ್ಲಿ ನೆಲದಿಂದ ಮಾಳಿಗೆಯವರೆಗೆ ಒಂದು ಚೌಕದ ಬಾವಿಯಂಥ ತೆರಪಿತ್ತು. ಅದನ್ನು ಎಲ್ಲರೂ ಗಾಳಿಬಾವಿ ಎಂದೇ ಕರೆಯುತ್ತಿದ್ದರು. ಎಲ್ಲ ಮನೆಗಳ ಅಡುಗೆಮನೆ, ಬಚ್ಚಲು, ಹಿಂದಿನ ಕೋಣೆಗಳ ಕಿಟಕಿ ತೆರೆಯುತ್ತಿದ್ದುದು ಅದಕ್ಕೇ. ಮಳೆಗಾಲದಲ್ಲಿ ಬಟ್ಟೆ ಒಣಹಾಕುವುದೂ ಅಲ್ಲೇ. ಯಾರ ಮನೆಯಲ್ಲಿ ಈರುಳ್ಳಿ ಸೀದಿತು, ಯಾರ ಮನೆಯಲ್ಲಿ ಬೆಳಗ್ಗೆಯೇ ಜಗಳ ಶುರುವಾಯಿತು ಎನ್ನುವುದು ಎಲ್ಲರಿಗೂ ಗೊತ್ತಾಗುತ್ತಿತ್ತು. ಮೇಲೆ ಗಾಜಿನ ಮುಚ್ಚಿಗೆ ಬೇರೆ. ಒಳಗೆ ಸೇರಿದ ವಾಸನೆ ಎಲ್ಲರ ಮನೆಗೂ ಹೊಕ್ಕು, ಎಲ್ಲರ ಬಟ್ಟೆಗೂ ಅಂಟಿ, ತನಗೆ ಮನಸ್ಸು ಬಂದಾಗ ಹೋಗುತ್ತಿತ್ತು.

"ಗುರುವಾರ ಸಂಜೆ ಮೀಟಿಂಗು," ಎಂದಳು ಸುಲ್ಮಾ, ದನಿ ತಗ್ಗಿಸಿ. "ಕಟ್ಟಡ ನೋಡ್ಕೊಳ್ಳೋ ಬೆರೂತಿಯವರ ಹತ್ರ ಮಾತಾಡಿದೀನಿ. ಮಾಳಿಗೆ ಬೀಗದ ಕೈ ನಿನ್ನ ಗಂಡನಿಂದ ವಾಪಸ್ ಇಸ್ಕೊಳ್ಳೋದು ಅಂತ. ಮಾಳಿಗೇಲಿ ಗಾಂಜಾ ಗಿಡಾನೇ ಇಲ್ದಿದ್ರೆ ವಾಸನೆ ಎಲ್ಲಿಂದ ಬರುತ್ತೆ? ಮನೆ ಇರೋದು ನಿನ್ನ ಹೆಸರಲ್ಲಿ. ನೀನು ಕೈ ಎತ್ತಿದ್ರೆ ಮುಗೀತು. ಎತ್ತುತೀ ತಾನೆ?"

"ಎತ್ತುತೀನಿ," ಎಂದಳು ನಿಬಿಯಾ. ಹೇಳಿದ ಮೇಲೂ ಅವಳಿಗೆ ಒಂದಿಷ್ಟೂ ಅಳುಕು ಅನ್ನಿಸಲಿಲ್ಲ. ಅಷ್ಟು ಬೇಸತ್ತಿದ್ದಳು.

ಹಿಂದಿನ ಕೋಣೆಯ ಬಾಗಿಲ ಸಂದಿನಲ್ಲಿ ಒದ್ದೆ ಟವೆಲ್ಲು ತುರುಕಲಾಗಿತ್ತು. ಅವಳ ಒಳ್ಳೆಯ ಟವೆಲ್ಲು. ಅದರಾಚೆ, ಕತ್ತಲಲ್ಲಿ, ಗಂಡ ಎಬೆರ್ ಕತ್ತರಿಸಿ ತಂದ ಗಾಂಜಾ ಕೊಂಬೆಗಳು ತಲೆಕೆಳಗಾಗಿ ತಂತಿಗೆ ನೇತಾಡುತ್ತಿದ್ದವು. ಆರು ಗಿಡ, ಸರ್ಕಾರದಲ್ಲಿ ಹೆಸರು ಬರೆಸಿ ಬೆಳೆದದ್ದು. ಆ ದೇಶದಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆಯಿತ್ತು, ಪೊಲೀಸರಿಗೂ ಅದಕ್ಕೂ ಸಂಬಂಧವಿಲ್ಲ. ವಾಸನೆಗೆ ಮಾತ್ರ ಯಾವ ಕಾನೂನೂ ಇರಲಿಲ್ಲ. ಹೋದ ವರ್ಷ ವಾರದಲ್ಲಿ ಒಣಗಿ, ಗಾಜಿನ ಭರಣಿಗಳಿಗೆ ಸೇರಿ ಸುಮ್ಮನಾಗಿತ್ತು. ಈ ಏಪ್ರಿಲ್‌ನಲ್ಲಿ ಮಾಂಟೆವಿಡಿಯೊದ ಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ಗೋಡೆ ಬೆವರಿತು, ಉಪ್ಪು ನೀರಾಯಿತು, ಕೊಂಬೆಗಳು ಹಸಿಯಾಗಿಯೇ ಉಳಿದು ದಿನದಿನಕ್ಕೆ ಇನ್ನಷ್ಟು ನಾರಿದವು.

ಎಬೆರ್ ಸುಮ್ಮನೆ ಕೂತಿದ್ದನೆಂದಲ್ಲ. ಅವನು ಸುಮ್ಮನೆ ಕೂತಿದ್ದರೆ ನಿಬಿಯಾ ಇಷ್ಟು ಸುಸ್ತಾಗುತ್ತಿರಲಿಲ್ಲ. ಮೊದಲು ಕಿತ್ತಳೆ ಸಿಪ್ಪೆಯನ್ನು ಹೀಟರಿನ ಮೇಲಿಟ್ಟ. ಆಮೇಲೆ ನೀಲಗಿರಿ ಎಲೆ ಕುದಿಸಿದ. ಮನೆಯಲ್ಲಿ ಯಾರಿಗೋ ನ್ಯುಮೋನಿಯಾ ಆದಂತಿತ್ತು. ಆಮೇಲೆ ಇದ್ದಿಲು ವಾಸನೆ ಹೀರುತ್ತದೆ ಎಂದು ಯಾರೋ ಹೇಳಿದರೆಂದು, ಭಾನುವಾರ ಮಾಂಸ ಸುಡಲು ತಂದಿಟ್ಟ ಸೌದೆ ಇದ್ದಿಲನ್ನು ಅವಳ ಉದ್ದ ಕಾಲುಚೀಲಕ್ಕೆ ತುಂಬಿ, ಬಣ್ಣದ ಡಬ್ಬಕ್ಕೆ ಸಿಕ್ಕಿಸಿ, ಹಿಂದೆ ಹಳೆಯ ಫ್ಯಾನು ಕಟ್ಟಿದ. ವಾಸನೆ ಹೀರಲೆಂದೇ ಅಂಗಡಿಯಲ್ಲಿ ಮಾರುವ ಇದ್ದಿಲು ಬೇರೆ, ಮಾಂಸ ಸುಡುವ ಇದ್ದಿಲು ಬೇರೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಫ್ಯಾನು ಹಾಕಿದ ದಿನ ಗಾಳಿಬಾವಿಯ ತುಂಬ ಕರಿ ಪುಡಿ ಹಾರಿ ಎಲ್ಲರ ಬಟ್ಟೆಯ ಮೇಲೂ ಕೂತಿತು, ವಾಸನೆ ಇದ್ದಲ್ಲೇ ಇತ್ತು. "ನಿಮ್ಮನೇಲಿ ಮಾಂಸ ಇಲ್ದೆ ಬರೀ ಹೊಗೇಲೇ ಅಡುಗೆ ಮಾಡ್ತೀರಾ?" ಎಂದು ಸುಲ್ಮಾ ಕೂಗಿ ಕೇಳಿದ್ದು ಅವತ್ತೇ.

ಇಷ್ಟೆಲ್ಲ ಮಾಡಿದವನು ಬಾಯಿಬಿಟ್ಟರೆ ಹೇಳುತ್ತಿದ್ದುದು ಒಂದೇ ಮಾತು.

"ವಾಸನೇನೇ ಇಲ್ಲ ಮುದುಕಿ. ನೀವೆಲ್ಲ ಸುಮ್ಮನೆ ದೊಡ್ಡದು ಮಾಡ್ತೀರಿ."

"ಗಿರಾಕಿ ಕೋಟು ವಾಪಸ್ ತಂದು ಮುಖದ ಮೇಲೆ ಎಸೆದು ಹೋದಳಲ್ಲ, ಅವಳೂ ದೊಡ್ಡದು ಮಾಡಿದಳಾ?"

"ಅವಳಿಗೆ ಕೋಟು ಹಿಡಿಸಿರಲಿಲ್ಲ. ನೆಪ ಬೇಕಿತ್ತು."

"ಹಾಗಾದ್ರೆ ಟವೆಲ್ಲು ಯಾಕೆ ತುರುಕಿದೀಯ? ವಾಸನೆ ಇಲ್ದೆ ಇದ್ರೆ?"

"ನೀವೆಲ್ಲ ಇದೆ ಅಂತೀರಲ್ಲ, ಅದಕ್ಕೆ."

ಇಂಥ ಉತ್ತರ ಕೇಳಿದರೆ ಕಲ್ಲಿಗೂ ತಲೆನೋವು ಬರಬೇಕು. ಎರಡು ವರ್ಷದಿಂದ ಅವನು ಹೀಗೆಯೇ. ಬೇಕರಿಯಲ್ಲಿ ಒಲೆಯ ಮುಂದೆ ಇಡೀ ವಯಸ್ಸು ಕಳೆದವನು, ಇನ್ನೂ ಕೆಲಸದ ವರ್ಷಗಳು ಬಾಕಿಯಿರುವಾಗಲೇ ಬೆನ್ನುನೋವು ಎಂದು ಒಂದು ದಿನ ಬಿಟ್ಟು ಬಂದುಬಿಟ್ಟ. ಆ ಬೆನ್ನು ಆಮೇಲೆ ಮಣ್ಣಿನ ಚೀಲ ಹೊತ್ತು ಮಾಳಿಗೆ ಹತ್ತಿತು, ಆಗೇನೂ ನೋಯಲಿಲ್ಲ. ಊಟಕ್ಕೆ ಕೂತರೆ ರುಚಿ ನೋಡುವ ಮೊದಲೇ ಉಪ್ಪು ಸುರಿದುಕೊಳ್ಳುವುದು, ಆಮೇಲೆ ಮಾತಿಲ್ಲ. ಮೊದಲೆಲ್ಲ ಮೆಟ್ಟಿಲಲ್ಲೇ ಸಾರಿನ ಹೆಸರು ಹೇಳಿಕೊಂಡು ಬರುತ್ತಿದ್ದ. ಈಗ ರುಚಿಯಾಗಿ ಮಾಡಿ ಬಡಿಸಿದರೂ ಅದೇ, ಕಲ್ಲು ಬಡಿಸಿದರೂ ಅದೇ. ಇವನಿಗೆ ನನ್ನ ಕೈಯಡುಗೆ ಸಾಕಾಗಿದೆ, ನಾನೂ ಸಾಕಾಗಿದ್ದೀನಿ ಎಂದು ನಿಬಿಯಾ ಎಂದೋ ತೀರ್ಮಾನಿಸಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಮಾಳಿಗೆಯ ಬೀಗದ ಕೈ ಹೋದರೆ ಹೋಗಲಿ. ಅವನಿಗೂ ಸ್ವಲ್ಪ ನೋವಾಗಲಿ.

ಗುರುವಾರ ಬೆಳಗ್ಗೆಯಿಂದಲೇ ಮಳೆ. ನಿಬಿಯಾ ಕೊಡೆ ಹಿಡಿದು ರಸ್ತೆಯ ಸಂತೆಗೆ ಹೋದಳು. ಕುಂಬಳಕಾಯಿ, ಈರುಳ್ಳಿ, ಕಾಗದದಲ್ಲಿ ಸುತ್ತಿದ ಒಂದು ಮೀನು ಕೊಂಡಳು. ದಾರಿಯುದ್ದಕ್ಕೂ ಮನೆಮನೆಯಿಂದ ತೋರ್ತಾಸ್ ಫ್ರಿತಾಸ್ ಕರಿಯುವ ಕೊಬ್ಬಿನ ವಾಸನೆ ಬರುತ್ತಿತ್ತು. ಮಳೆ ಬಂದರೆ ಹಿಟ್ಟು ನಾದಿ, ನಡುವೆ ತೂತು ಮಾಡಿ, ಗೋವಿನ ಕೊಬ್ಬಿನಲ್ಲಿ ಕರಿದು ತಿನ್ನದ ಮನೆ ಆ ಊರಿನಲ್ಲಿ ಇಲ್ಲ. ಸಂಜೆಯ ಮೀಟಿಂಗಿನಲ್ಲಿ ಏನು ಹೇಳಬೇಕೆಂದು ಅವಳು ಮನಸ್ಸಿನಲ್ಲೇ ಜೋಡಿಸುತ್ತ ಬಂದಳು. ಹೆಚ್ಚು ಹೇಳುವುದು ಬೇಡ, ಕೈ ಎತ್ತಿದರೆ ಸಾಕು.

ತನ್ನ ಬಾಗಿಲು ತೆಗೆದವಳು ಅಲ್ಲೇ ನಿಂತಳು. ಗಾಂಜಾ ಅಲ್ಲ, ಕಿತ್ತಳೆ ಅಲ್ಲ. ಗ್ಯಾಸು! ಕೊಳೆತ ಮೊಟ್ಟೆಯಂಥ ಆ ವಾಸನೆ ಗಂಟಲಿಗೇ ಹತ್ತಿತು.

ಅಡುಗೆಮನೆಯಲ್ಲಿ ಎಬೆರ್ ಬೆನ್ನು ಮಾಡಿ ನಿಂತಿದ್ದ. ಗಾಳಿಬಾವಿಯ ಕಿಟಕಿಯ ಸಂದುಗಳಿಗೆ ಒದ್ದೆ ಬಟ್ಟೆ ತುರುಕಿದ್ದ. ಮೇಜಿನ ಮೇಲೆ ಹಿಟ್ಟಿನ ಬಿಲ್ಲೆಗಳು ಸಾಲಾಗಿ ಮಲಗಿದ್ದವು. ಒಲೆಯ ಒಂದು ಕಡೆ ಮಾತೆ ಎಂಬ ಎಲೆಚಹಾ ಕುಡಿಯಲು ಇಟ್ಟ ನೀರು ಉಕ್ಕಿ ಚೆಲ್ಲಿ ಉರಿ ಆರಿಹೋಗಿತ್ತು. ಗುಂಡಿ ತೆರೆದೇ ಇತ್ತು. ಇನ್ನೊಂದು ಕಡೆ ಬಾಣಲೆ, ಅದರಲ್ಲಿ ಕೊಬ್ಬಿನ ಬಿಳಿ ಗಟ್ಟಿ. ಅವನ ಎಡಗೈಯಲ್ಲಿ ಬೆಂಕಿಪೊಟ್ಟಣ, ಬಲಗೈಯಲ್ಲಿ ಕಡ್ಡಿ.

"ಗೀರಬೇಡ!"

ಅವಳು ಚೀಲ ಎಸೆದು ಓಡಿ ಅವನ ಕೈಗೆ ಬಡಿದಳು. ಕಡ್ಡಿಗಳು ನೆಲಕ್ಕೆಲ್ಲ ಚೆಲ್ಲಿದವು. ಗುಂಡಿ ತಿರುಗಿಸಿದಳು, ಕಿಟಕಿಯ ಬಟ್ಟೆ ಕಿತ್ತಳು, ಕಿಟಕಿ ತೆರೆದಳು, ಹಿಂದಿನ ಕೋಣೆಯ ಟವೆಲ್ಲು ಒದ್ದು ಆ ಬಾಗಿಲನ್ನೂ ತೆರೆದಳು, ಮುಂಬಾಗಿಲು ತೆರೆದಳು. ಮಳೆಯ ತಣ್ಣನೆ ಗಾಳಿ ಒಳಗೆ ನುಗ್ಗಿತು. ಇಡೀ ಮನೆಯ ನಾತ ಒಟ್ಟಿಗೆ ಗಾಳಿಬಾವಿಗೆ ಹೊರಟಿತು.

"ಏನಾಯ್ತು?" ಎಂದ ಎಬೆರ್. "ಏನೇ ಆಯ್ತು? ಮೀಟಿಂಗ್ ದಿನ ಅಲ್ವಾ ಇವತ್ತು, ಕರಿದ್ರೆ ಕೊಬ್ಬಿನ ವಾಸನೇಲಿ ಇದು ಮುಚ್ಚಿಹೋಗ್ಲಿ ಅಂತ…"

"ನಿನಗೆ ಮೂಗಿಲ್ವಾ?!"

ಸಿಟ್ಟಿನಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ಹೇಳುವ ಮಾತು ಅದು. ಎಬೆರ್ ಎರಡು ಹೆಜ್ಜೆ ಹಿಂದೆ ಸರಿದ. ಗೋಡೆಗೆ ಒರಗಿ ನಿಂತ. ಆಗ ನಿಬಿಯಾ ಅವನ ಮುಖವನ್ನು ಸರಿಯಾಗಿ ನೋಡಿದಳು.

"ಕಣ್ಣು ಮುಚ್ಚು," ಎಂದಳು.

"ಯಾಕೆ?"

"ಮುಚ್ಚು ಅಂದ್ನಲ್ಲ."

ಅವನು ಮುಚ್ಚಿದ. ಅವಳು ಬಿದ್ದ ಚೀಲದಿಂದ ಮೀನಿನ ಪೊಟ್ಟಣ ತೆಗೆದು, ಕಾಗದ ಬಿಚ್ಚಿ, ಅವನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಎಬೆರ್ ಪರೀಕ್ಷೆಗೆ ಕೂತವನ ಹಾಗೆ ಎರಡು ಸಲ ದೀರ್ಘವಾಗಿ ಉಸಿರೆಳೆದ. ಹುಬ್ಬು ಗಂಟಿಕ್ಕಿದ. ಆಮೇಲೆ ಅವನ ಮುಖ ಸ್ವಲ್ಪ ಅರಳಿತು.

"ಕಾಫಿಯಾ?" ಎಂದ.

ನಿಬಿಯಾ ಮೀನನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಸಿದಳು. ಅವಳಿಗೆ ಕೂಗಬೇಕೆನಿಸಿತು, ಅಳಬೇಕೆನಿಸಿತು, ಅವನ ತಲೆಗೆ ಬಾಣಲೆಯಲ್ಲಿ ಬಡಿಯಬೇಕೆಂದೂ ಅನಿಸಿತು.

"ಯಾವಾಗಿಂದ?"

"ಆ ಚಳಿಗಾಲ ಇಬ್ಬರಿಗೂ ಜ್ವರ ಬಂದು ವಾಸನೆ ತಿಳಿಯೋದೇ ಹೋಯ್ತಲ್ಲ. ನಿಂದು ವಾಪಸ್ ಬಂತು. ನಂದು ಬರ್ಲಿಲ್ಲ."

"ಎರಡು ವರ್ಷ! ಎರಡು ವರ್ಷ ಹೇಳ್ಲಿಲ್ವಲ್ಲೋ ಪಾಪಿ!"

"ಬಂದೀತು ಅಂತಿದ್ದೆ." ಎಬೆರ್ ಬಗ್ಗಿ ನೆಲದ ಕಡ್ಡಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. "ಬೇಕರೀಲಿ ಗಡಿಯಾರ ನೋಡಿ ಬೇಯಿಸಿದೋನಲ್ಲ ನಾನು. ಮೂಗು ಹೇಳ್ತಿತ್ತು, ತೆಗೀತಿದ್ದೆ. ಒಂದು ದಿನ ಎರಡು ತಟ್ಟೆ ಸೀದುಹೋಯ್ತು. ಮಾರನೇ ದಿನ ಮತ್ತೆ. ಹುಡುಗರೆಲ್ಲ ಕೆಮ್ಮುತಾ ಓಡಿ ಬಂದ್ರು, ನಾನು ಒಲೆ ಮುಂದೇನೇ ನಿಂತಿದ್ದೆ. ಬೆನ್ನುನೋವು ಅಂತ ಬಿಟ್ಟುಬಂದೆ. ಬೆನ್ನು ಹೋದೋನನ್ನ ನೋಡಿ ಯಾರೂ ನಗಲ್ಲ."

"ಮತ್ತೆ ಈ ಹಾಳು ಗಿಡ ಯಾಕೆ ಬೇಕಿತ್ತು? ಮೂಗಿಲ್ದೋನು ಬೆಳೆಯೋ ಬೆಳೇನಾ ಇದು?"

ಅವನು ಹೆಕ್ಕಿದ ಕಡ್ಡಿಗಳನ್ನು ಪೊಟ್ಟಣಕ್ಕೆ ಸೇರಿಸಿ ಮೇಜಿನ ಮೇಲಿಟ್ಟ.

"ಎಲ್ಲರೂ ಹೇಳ್ತಾರಲ್ಲ, ಅದರಷ್ಟು ಜೋರು ವಾಸನೆ ಇನ್ನೊಂದಿಲ್ಲ ಅಂತ. ಬಾಗಿಲು ಮುಚ್ಚಿದ್ರೂ ಬರುತ್ತೆ, ಗೋಡೆ ದಾಟಿ ಬರುತ್ತೆ ಅಂತ. ಅದಾದ್ರೂ ಬಂದೀತು ಅಂತ ಹಾಕಿದೆ, ನಿಬಿಯಾ. ದಿನಾ ಬೆಳಗ್ಗೆ ಆ ಕೋಣೆಗೆ ಹೋಗಿ ಕೊಂಬೆ ಒಳಗೆ ಮುಖ ಇಟ್ಟು ನಿಂತ್ಕೋತೀನಿ. ಸುಲ್ಮಾ ಮೇಲಿಂದ ಬಡಿದಾಗೆಲ್ಲ ನನಗೆ ಹೊಟ್ಟೆಕಿಚ್ಚು. ಅವಳ ಮೂಗಿಗೆ ಅಷ್ಟು ದೂರ ಹೋಗುತ್ತೆ, ನನ್ನ ಮೂಗಿಗೆ…"

ಆ ಹೊತ್ತಿಗೆ ಸರಿಯಾಗಿ ಪೊರಕೆ ಬಡಿಯಿತು. "ಅಯ್ಯೋ ದೇವರೇ! ಇವತ್ತು ಏನು ಸುಡ್ತಿದೀರಿ? ಸತ್ತೇ ಹೋಗ್ತೀವಿ ನಾವಿಲ್ಲಿ!"

"ಕಿಟಕಿ ಮುಚ್ಕೊಳೇ!" ಎಂದು ನಿಬಿಯಾ ಕೂಗಿದಳು. ಅವಳ ದನಿ ಎಷ್ಟು ಜೋರಿತ್ತೆಂದರೆ ಪೊರಕೆ ತಕ್ಷಣ ಒಳಗೆ ಹೋಯಿತು.

"ಯಾರಿಗೂ ಹೇಳಬೇಡ," ಎಂದ ಎಬೆರ್. "ಬೀಗದ ಕೈ ಹೋದ್ರೆ ಹೋಗ್ಲಿ. ಇದನ್ನ ಮಾತ್ರ ಹೇಳಬೇಡ. ನನ್ನ ಜೊತೆಗೆ ಕೆಲಸ ಮಾಡಿದೋರು ಈ ಬೀದೀಲೇ ಓಡಾಡ್ತಾರೆ."

ನಿಬಿಯಾ ಎದ್ದು ಹಿಂದಿನ ಕೋಣೆಗೆ ಹೋದಳು. ಈ ವರ್ಷ ಅವಳು ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ದೀಪ ಹಾಕಿ ಒಂದೊಂದೇ ಕೊಂಬೆಗೆ ಮೂಗಿಟ್ಟು ಬಂದಳು. ಗೋಡೆ ಪಕ್ಕದ ಎರಡು ಕೊಂಬೆಯಲ್ಲಿ ಹಳೆಯ ನೆಲಮಾಳಿಗೆಯ ವಾಸನೆಯಿತ್ತು; ದಪ್ಪ ಮೊಗ್ಗು ಬಿಡಿಸಿ ನೋಡಿದರೆ ನಡುವೆ ಬೂದು ಬೂಷ್ಟು. ಎಬೆರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಇವೆರಡು ಹೋದವು. ಎಸಿ," ಎಂದಳು. "ಉಳಿದದ್ದು ಹಸಿ ಹುಲ್ಲಿನ ವಾಸನೆ."

"ಬರೀ ಹುಲ್ಲಾ? ಅದರ ಕೆಳಗೆ ಇನ್ನೇನಾದ್ರೂ ಬರುತ್ತಾ?"

ಅವಳು ಮತ್ತೆ ಮೂಸಿದಳು. "ನಿಂಬೆ ಸಿಪ್ಪೆ ತರ ಏನೋ. ದೂರದಲ್ಲಿ."

"ಹಾಗಾದ್ರೆ ಚೆನ್ನಾಗಾಗುತ್ತೆ," ಎಂದ ಎಬೆರ್. ಅವನ ದನಿ ಅಷ್ಟು ಮೆತ್ತಗಿದ್ದದ್ದನ್ನು ಅವಳು ಕೇಳಿ ಬಹಳ ಕಾಲವಾಗಿತ್ತು. ಅದೂ ಅವಳಿಗೆ ಸಿಟ್ಟನ್ನೇ ತರಿಸಿತು. ಇಷ್ಟು ಹೇಳಲು ಮನುಷ್ಯನಿಗೆ ಎರಡು ವರ್ಷ ಬೇಕೇ?

ಸಂಜೆ ಕೆಳಗಿನ ಹಜಾರಕ್ಕೆ ಎಲ್ಲರೂ ತಮ್ಮತಮ್ಮ ಮನೆಯ ಕುರ್ಚಿ ಹೊತ್ತು ತಂದರು. ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಬೆರೂತಿಯವರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಮೆಟ್ಟಿಲ ಬಲ್ಬು ಬದಲಿಸುವ ವಿಷಯವನ್ನೂ ಅವರು ದೇಶದ ಬಜೆಟ್ಟಿನಂತೆ ಮಂಡಿಸುತ್ತಿದ್ದರು. ಮಾತೆ ಚಹಾದ ಪಾತ್ರೆ ಕೈಯಿಂದ ಕೈಗೆ ಸುತ್ತುತ್ತಿತ್ತು. ಎಬೆರ್ ಹಿಂದೆ, ಅಂಚೆಪೆಟ್ಟಿಗೆಗಳ ಕೆಳಗೆ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಬೀಗದ ಕೈಯನ್ನು ಆಗಲೇ ಜೇಬಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದಿದ್ದ.

"ಎರಡನೆಯದು, ವಾಸನೆಯ ವಿಷಯ," ಎಂದರು ಬೆರೂತಿ. "ದೋನ್ಯಾ ಸುಲ್ಮಾ ಅವರು ದೂರು ಕೊಟ್ಟಿದ್ದಾರೆ. ಅದೇ ಮನೆಯವರಾದ ದೋನ್ಯಾ ನಿಬಿಯಾ ಕೂಡ ಒಪ್ಪುತ್ತಾರೆ ಅಂತ ಕೇಳಿದ್ದೀನಿ. ಅವರೇ ಹೇಳಲಿ. ನಿಮ್ಮನೆಯಿಂದ ವಾಸನೆ ಬರುತ್ತಾ ಇಲ್ವಾ?"

ಎಲ್ಲರೂ ಅವಳತ್ತ ತಿರುಗಿದರು. ನಿಬಿಯಾಳ ಬ್ಲೌಸಿನ ತೋಳಿನಿಂದಲೇ ಆ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತವಳು ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡಿದ್ದಳು.

"ನಂಗೇನೂ ವಾಸನೆ ಬರಲ್ಲ," ಎಂದಳು ನಿಬಿಯಾ.

ಸುಲ್ಮಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತಳು.

"ಏನಂದೆ? ಮೊನ್ನೆ ನೀನೇ ಅಂದೆಯಲ್ಲೇ, ಕೈ ಎತ್ತುತೀನಿ ಅಂತ!"

"ಮೊನ್ನೆ ಬರ್ತಿತ್ತು. ಈಗ ಬರಲ್ಲ."

"ಈಗ ಈ ಹಜಾರದಲ್ಲೇ ಬರ್ತಿದೆ! ನಿನ್ನ ಮೈಯಿಂದಾನೇ ಬರ್ತಿದೆ!"

"ಹಾಗಾದ್ರೆ ನನ್ನ ಮೂಗು ಹೋಗಿರಬೇಕು. ಜ್ವರ ಬಂದ್ಮೇಲೆ ಎಷ್ಟೋ ಜನಕ್ಕೆ ಹಾಗಾಗಿದೆ. ಅದರಲ್ಲಿ ನಾಚಿಕೆ ಪಡೋದು ಏನಿದೆ?" ಅವಳು ಹಿಂದೆ ನೋಡಲಿಲ್ಲ. "ಕೇಳು ಸುಲ್ಮಾ. ಮಗು ನಿಲುವಂಗಿ ನನಗೆ ಕೊಡು. ಇದು ಮುಗಿಯೋವರೆಗೂ ನಾನೇ ಒಗೆದು, ಬೀದಿ ಕಡೆ ಕಿಟಕೀಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡ್ತೀನಿ. ಟೀಚರ್ ಹತ್ರ ನಾನೇ ಹೋಗಿ ಮಾತಾಡ್ತೀನಿ. ಕೊಂಬೇನೂ ಬೀದಿ ಕಡೆ ರೂಮಿಗೆ ತರ್ತೀವಿ."

"ಹೊಲಿಗೆ ರೂಮಿಗಾ? ನಿನ್ನ ಗಿರಾಕಿಗಳು?"

"ನನ್ನ ಗಿರಾಕಿಗಳು ನನ್ನ ಪಾಡು."

"ವಾಸನೆ ಇಲ್ದಿದ್ರೆ ಇಷ್ಟೆಲ್ಲ ಯಾಕೆ ಮಾಡ್ತೀಯ?"

"ನಿನ್ನ ಬಾಯಿ ಮುಚ್ಚಿಸೋಕೆ!"

ಯಾರೋ ನಕ್ಕರು. ಬೆರೂತಿಯವರು ಕೆಮ್ಮಿದರು, ಕೈ ಎತ್ತುವವರು ಎತ್ತಿ ಎಂದರು. ಸುಲ್ಮಾಳ ಕೈ ಮೇಲೆ ಹೋಯಿತು, ಇನ್ನೊಂದೆರಡು ಹೋದವು. ನಿಬಿಯಾ ತನ್ನ ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಸಾಲದು ಎಂದರು ಬೆರೂತಿ, ಮೂರನೆಯದು ನೀರಿನ ಪಂಪಿನ ವಿಷಯ.

ಮುಗಿದ ಮೇಲೆ ಎಬೆರ್ ಎರಡೂ ಕುರ್ಚಿಗಳನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತಿದ. ನಿಬಿಯಾ ಮುಂದೆ ಹೋಗುತ್ತಿದ್ದಳು. ನಾಳೆಯಿಂದ ಯಾವ ಗಿರಾಕಿಗೆ ಏನು ಸುಳ್ಳು ಹೇಳಬೇಕು, ಹೊಲಿದಿಟ್ಟ ಬಟ್ಟೆಯನ್ನೆಲ್ಲ ಯಾರ ಮನೆಯಲ್ಲಿ ಇಡಬೇಕು ಎಂದು ಯೋಚಿಸಿ ಅವಳ ತಲೆ ಬಿಸಿಯಾಗಿತ್ತು. ಹಿಂದಿನಿಂದ ಅವನೇನಾದರೂ ಉಪಕಾರವಾಯಿತು ಎಂದಿದ್ದರೆ ಅವಳು ಬೈಯುತ್ತಿದ್ದಳು.

ಮೆಟ್ಟಿಲು ತಿರುಗುವಲ್ಲಿ ಅವನು ಉಸಿರಿಗಾಗಿ ನಿಂತ.

"ಮುದುಕಿ, ನೀನು ಈಗಲೂ ಆ ಹಸಿರು ಕಾಗದದ ಸೋಪೇ ಹಾಕ್ಕೊಳ್ಳೋದಾ?"

ಆ ಸೋಪು ಅಂಗಡಿಗೆ ಬರುವುದು ನಿಂತು ವರ್ಷವಾಗಿತ್ತು. ಅವಳು ಅದಾದ ಮೇಲೆ ಗುಲಾಬಿಯದು, ಲ್ಯಾವೆಂಡರಿನದು ಎಂದು ಮೂರು ಬದಲಿಸಿದ್ದಳು. ಇವನು ಒಂದು ಮಾತು ಆಡಲಿಲ್ಲವಲ್ಲ ಎಂದು ಪ್ರತಿ ಸಲವೂ ಒಳಗೊಳಗೇ ಕುದ್ದಿದ್ದಳು.

"ಹೂಂ, ಅದೇ," ಎಂದಳು ನಿಬಿಯಾ.

ಎಬೆರ್ ತಲೆಯಾಡಿಸಿ ಕುರ್ಚಿಗಳನ್ನು ಸರಿಪಡಿಸಿಕೊಂಡ. ಅವನು ಮೇಲೆ ಬರುವವರೆಗೆ ಅವಳು, ಬಿಟ್ಟರೆ ಆರಿಹೋಗುವ ಮೆಟ್ಟಿಲ ದೀಪದ ಗುಂಡಿಯನ್ನು ಒತ್ತಿ ಹಿಡಿದು ನಿಂತಿದ್ದಳು.